ಏಡಿ ಎಣಿಸಿದ ವರ್ಷ

ಕಾಲೇಜಿನಲ್ಲಿ ಅರೆಕಾಲಿಕವಾಗಿ ಜೀವಶಾಸ್ತ್ರ ಹೇಳುತ್ತಿದ್ದ ಕೆಲಸ ಕೈಬಿಟ್ಟ ಮೇಲೆ ಒಂದು ವರ್ಷದ ಮಟ್ಟಿಗೆ ನನಗೆ ಒಂದು ಸಮೀಕ್ಷೆಯ ಕಚೇರಿಯಲ್ಲಿ ಸಿಕ್ಕಿದ್ದು ಈ ಎಣಿಕೆಯ ಕೆಲಸ. ಹೊಳೆಯಲ್ಲಿ, ಕೆರೆಯಲ್ಲಿ ವ್ಯಾಪಾರಕ್ಕಲ್ಲದೆ ಬರೀ ಹವ್ಯಾಸಕ್ಕೆ ಮೀನು, ಸೀಗಡಿ, ಏಡಿ ಹಿಡಿಯುವ ಜನ ಎಷ್ಟಿದ್ದಾರೆ, ಅವರು ಎಷ್ಟು ಹಿಡಿಯುತ್ತಾರೆ, ಹಿಡಿದದ್ದರಲ್ಲಿ ಎಷ್ಟನ್ನು ನೀರಿಗೆ ಬಿಡುತ್ತಾರೆ ಎಂದು ಬರೆದುಕೊಳ್ಳಬೇಕು. ಬಲೆ ಹಾಕುವವರ ಲೆಕ್ಕ ಎಲ್ಲೋ ಒಂದು ಕಡೆ ಸಿಗುತ್ತದೆ. ಭಾನುವಾರ ಗಾಳ ಹಿಡಿದುಕೊಂಡು ಬಂದು ಬಂಡೆಯ ಮೇಲೆ ಕೂರುವವನ ಲೆಕ್ಕ ಯಾರ ಹತ್ತಿರವೂ ಇಲ್ಲ. ಹೊಳೆ ಬರಿದಾಗುತ್ತಿರುವುದರಲ್ಲಿ ಅವನ ಪಾಲೂ ಇದೆಯೇ ಎಂದು ತಿಳಿಯುವುದು ಆ ಕೆಲಸದ ಉದ್ದೇಶ.

ನನ್ನ ಪಾಲಿಗೆ ಬಂದದ್ದು ನಾಲ್ಕು ಜಾಗ. ಶ್ರೀರಂಗಪಟ್ಟಣದ ಸ್ನಾನಘಟ್ಟದ ಸೋಪಾನದ ಪಕ್ಕ, ಪಾಂಡವಪುರದ ಒಂದು ಕೆರೆ, ನಾಗಮಂಗಲದ ಇನ್ನೊಂದು ಕೆರೆ, ಆಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿಗೆ ಕಟ್ಟಿದ ಹಳೆಯ ಕಟ್ಟೆಯ ಕೆಳಗೆ. ಯಾವ ದಿನ ಎಲ್ಲಿಗೆ ಹೋಗಬೇಕೆಂದು ಕಚೇರಿಯ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೇಳುತ್ತಿತ್ತು. ಅದಕ್ಕೆ ನಮ್ಮ ಕಡೆಯ ವಾರಗಳು ಗೊತ್ತಿರಲಿಲ್ಲ. ಸೋಮವಾರ, ಶನಿವಾರ ಅಂತ ಬಂದರೆ ನಾನು ಬೈಕು ನಿಲ್ಲಿಸಿ ಖಾಲಿ ಹೊಳೆ ನೋಡಿಕೊಂಡು ಕೂರಬೇಕು. ಆ ದಿನ ಯಾರ ಮನೆಯಲ್ಲೂ ಮೀನು ಬೇಯುವುದಿಲ್ಲ. ಸೊನ್ನೆ ಬರೆದು ಎದ್ದು ಬರುತ್ತಿದ್ದೆ.

ಕೆಲಸಕ್ಕೆ ಸೇರಿಸಿಕೊಂಡ ಅಧಿಕಾರಿ ಒಬ್ಬ ಹೆಂಗಸು, ಕಡಿಮೆ ಮಾತಿನವರು. ಮೊದಲ ದಿನ ನನ್ನ ಕೈಗೆ ಒಂದು ತಕ್ಕಡಿ, ಚಿಪ್ಪಿನ ಅಗಲ ಅಳೆಯಲು ಒಂದು ಕ್ಯಾಲಿಪರ್, ಒಂದು ಕಟ್ಟು ನಮೂನೆ ಕೊಟ್ಟು ಹೇಳಿದರು: "ನೀವು ಎಣಿಸೋಕೆ ಹೋಗ್ತಿದ್ದೀರಿ, ಪಾಠ ಹೇಳೋಕಲ್ಲ. ಯಾರಿಗೂ ಇದನ್ನು ಹಿಡಿಯಿರಿ, ಅದನ್ನು ಬಿಡಿ ಅಂತ ಹೇಳಬಾರದು. ನೀವು ಹೇಳಿದ ದಿನದಿಂದ ಅವರು ಹಿಡಿಯೋದು ಬದಲಾಗುತ್ತೆ. ಆಮೇಲೆ ನೀವು ಎಣಿಸೋದು ಅವರನ್ನಲ್ಲ, ನಿಮ್ಮನ್ನೇ."

ನಾನು ತಲೆಯಾಡಿಸಿದೆ. ಅಂಥ ದೊಡ್ಡ ಮಾತು ಅದರಲ್ಲೇನಿದೆ ಅನ್ನಿಸಿತ್ತು.

ಗಾಳದವರ ಸಹವಾಸ ಬೇಗ ಒಗ್ಗಿತು. ಶ್ರೀರಂಗಪಟ್ಟಣದವರು ಸಿಕ್ಕಿದ್ದಕ್ಕಿಂತ ದೊಡ್ಡದು ಹೇಳುವರು. "ನೆನ್ನೆ ಬರಬೇಕಿತ್ತು ಕಣ್ಲಾ, ತೊಡೆಯಷ್ಟು ದಪ್ಪ ಇತ್ತು" ಅನ್ನುವರು. ಪಾಂಡವಪುರದವರು ಸಿಕ್ಕಿದ್ದನ್ನು ಚೀಲದಲ್ಲಿ ಬಚ್ಚಿಟ್ಟು ಏನೂ ಇಲ್ಲ ಅನ್ನುವರು. ಹೇಮಗಿರಿಯಲ್ಲಿ ಮಾತ್ರ ಗಾಳದವರ ಜೊತೆಗೆ ಒಬ್ಬ ಹೆಂಗಸು ಇದ್ದಳು.

ಅವಳನ್ನು ನಾನು ಮೊದಲು ಕಂಡದ್ದು ದೀಪಾವಳಿ ಕಳೆದು ಚಳಿ ಹತ್ತಿದ ಮೇಲೆ. ಐವತ್ತು ದಾಟಿದ ವಯಸ್ಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಟ್ಟೆಯ ಕೆಳಗಿನ ಬಂಡೆಗಳ ನಡುವೆ ಬಗ್ಗಿದ್ದಳು. ಒಂದು ಕೈಯಲ್ಲಿ ಕೋಳಿ ಕರುಳು ಕಟ್ಟಿದ ಕಡ್ಡಿ, ಪಕ್ಕದಲ್ಲಿ ಮುಚ್ಚಳವಿರುವ ಅಲ್ಯೂಮಿನಿಯಂ ಪಾತ್ರೆ. ಕಡ್ಡಿಯನ್ನು ಸಂದಿಗೆ ಹಿಡಿಯುವಳು, ಏಡಿ ಹೊರಗೆ ಬರುತ್ತಲೇ ಇನ್ನೊಂದು ಕೈ ಹಿಂದಿನಿಂದ ಹೋಗಿ ಬೆನ್ನು ಹಿಡಿಯುವುದು. ಒಮ್ಮೆಯೂ ಕಚ್ಚಿಸಿಕೊಳ್ಳಲಿಲ್ಲ.

ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು, ಯಾಕೆ ಹಿಡಿಯುತ್ತೀರಿ ಎಂದು. ಅದಕ್ಕೆ ಎರಡೇ ಉತ್ತರ: ಮಾರಾಟಕ್ಕೆ, ಇಲ್ಲವೇ ಹವ್ಯಾಸಕ್ಕೆ.

"ಮಾರೋದಾ? ಈ ಅಂಗೈ ಅಗಲದ್ದ ಯಾರ್ ತಕ್ಕತಾರೆ?" ಅಂದಳು. "ನಮ್ಮ ಯಜಮಾನ್ರಿಗೆ ಕೆಮ್ಮು. ಏಡಿ ಸಾರು ಕಾಸಿ ಕೊಟ್ರೆ ಎದೆ ವಸಿ ಬಿಡ್ತದೆ."

"ಹಾಗಾದ್ರೆ ಹವ್ಯಾಸ ಅಂತ ಬರೀಲಾ?"

"ಅಂಗಂದ್ರೆ?"

"ಖುಷಿಗೆ. ಆಟಕ್ಕೆ."

ಅವಳು ಸೊಂಟ ನೆಟ್ಟಗೆ ಮಾಡಿ ನಿಂತು ನಗಾಡಿಬಿಟ್ಟಳು. "ಬರ್ಕಳಪ್ಪ. ಈ ವಯಸ್ಸಲ್ಲಿ ನಾನು ಆಟಾಡೋಕ್ ಬಂದಿವ್ನಿ ಅಂತ ಬರ್ಕೊ."

ಅಧಿಕಾರಿಗೆ ಫೋನ್ ಮಾಡಿ ಕೇಳಿದೆ. ಮಾರುವುದಿಲ್ಲ ಅಂದರೆ ಹವ್ಯಾಸದ ಕೆಳಗೇ ಹಾಕಿ ಅಂದರು. ಹಾಕಿದೆ. ಅವಳಿಗೆ ಮೂರೂವರೆ ಗಂಟೆಯ ಹವ್ಯಾಸ, ಏಳು ಏಡಿ, ಬಿಟ್ಟದ್ದು ಸೊನ್ನೆ.

ಹೋಗಿ ಬಂದು ಪರಿಚಯವಾದ ಮೇಲೆ ಒಂದು ದಿನ ಅವಳೇ ಆ ಮಾತು ಎತ್ತಿದಳು. ನಾನು ಚಿಪ್ಪುಗಳ ಅಗಲ ಅಳೆಯುತ್ತಿದ್ದೆ, ಅವಳು ಬಂಡೆಯ ಮೇಲೆ ಕೂತು ಕಾಲು ನೀರಲ್ಲಿ ಇಳಿಬಿಟ್ಟಿದ್ದಳು.

"ನೀ ಬರ್ಕಂಡಿದ್ದು ಸುಳ್ಳೇನಲ್ಲ ಬುಡು. ಮನೇಲಿ ರಾತ್ರೆ ಅಗಲು ಕೆಮ್ಮು. ಒಲೆ ಮುಂದೆ ಕುಂತ್ರೂ ಕೆಮ್ಮು, ಕೊಟ್ಟಿಗೇಲಿ ಅಸ ಕರೆಯೋಕ್ ಓದ್ರೂ ಅಲ್ಲಿಗಂಟ ಕೇಳಿಸ್ತದೆ. ಇಲ್ಲಿಗ್ ಬಂದ್ರೆ ನೀರಿನ್ ಸದ್ದು ಬುಟ್ರೆ ಬ್ಯಾರೆ ಏನೂ ಕೇಳಾಕಿಲ್ಲ. ಏಡಿ ಐದೇ ನಿಮಿಷಕ್ ಸಿಕ್ರೂ ನಾನು ಬೇಗ್ನೆ ಓಗಾಕಿಲ್ಲ."

ಕಾಲನ್ನು ನೀರಿನಿಂದ ಮೇಲಕ್ಕೆ ಎಳೆದುಕೊಂಡು, "ಅವ್ರಿಗ್ ಏಳ್ಬ್ಯಾಡ ಕಣಪ್ಪ" ಅಂದಳು.

ಅವರಿಗೆ ಮಕ್ಕಳಿರಲಿಲ್ಲ. ಗಂಡ ಗಾರೆ ಕೆಲಸದವನು. ಮೂವತ್ತು ವರ್ಷ ಸಿಮೆಂಟು, ಸುಣ್ಣ, ಮರಳಿನ ದೂಳು ಕುಡಿದ ಎದೆ. ಬೇಸಿಗೆಯ ಆರಂಭದಲ್ಲಿ ಒಮ್ಮೆ ಅವಳ ಜೊತೆ ಅವರ ಮನೆಗೆ ಹೋದೆ. ಹೊಳೆಯಿಂದ ಅರ್ಧ ಮೈಲಿ. ಹೊರಗಿನ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ ಮನುಷ್ಯ ನನ್ನ ಕ್ಯಾಲಿಪರ್ ಕಂಡೊಡನೆ ಕೈ ಚಾಚಿದ.

"ಇದೇನು, ಕಬ್ಬಿಣ ಅಳೆಯೋದಲ್ವಾ?"

"ಏಡಿ ಅಳೀತೀನಿ."

"ಕೊಡಿ ಇಲ್ಲಿ."

ಹೆಂಡತಿ ಪಾತ್ರೆಯಿಂದ ಒಂದು ಏಡಿ ತೆಗೆದು ಕಾಲುಗಳನ್ನು ಮಡಚಿ ಹಿಡಿದುಕೊಟ್ಟಳು. ಅವನ ಕೈ ನಡುಗುತ್ತಿತ್ತು. ಆದರೆ ಆ ಉಕ್ಕಿನ ದವಡೆಗಳನ್ನು ಚಿಪ್ಪಿನ ಎರಡು ಅಂಚಿಗೆ ತಂದು ತಾಗಿಸುವಾಗ ನಡುಕ ನಿಂತಿತು. ಕನ್ನಡಕವಿಲ್ಲದೆ ಗೀಟು ಓದಿದ. ನಾನು ಮತ್ತೆ ಅಳೆದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ನಾ ಕಟ್ಟಿದ್ ಗೋಡೆ ಒಂದೂ ವಾಲಿಲ್ಲ ಸ್ವಾಮಿ," ಅಂದ. ಅಷ್ಟು ಹೇಳುವುದಕ್ಕೆ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡ. ಅವಳು ಅವನ ಬೆನ್ನ ಮೇಲೆ ಅಂಗೈ ಇಟ್ಟು, ನನ್ನ ಕಡೆ ನೋಡಿ, ಹೆಮ್ಮೆಯಿಂದಲೇ ಮುಖ ಅರಳಿಸಿದಳು. ಅವಳಿಗೆ ಹೊಳೆಯ ಸದ್ದು ಯಾಕೆ ಬೇಕಿತ್ತೆಂದು ನನಗೆ ಗೊತ್ತಿತ್ತು. ಅವನ ಬೆನ್ನಿನ ಮೇಲೆ ಆ ಕೈ ಎಷ್ಟು ಹೊತ್ತು ಇತ್ತೆಂಬುದನ್ನೂ ನೋಡಿದೆ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಮಾಡಬಾರದ್ದನ್ನು ನಾನು ಮಾಡಿದೆ. ಅವಳ ಪಾತ್ರೆಯಲ್ಲಿ ಆ ದಿನ ಆರು ಏಡಿ. ಒಂದನ್ನು ಮಗುಚಿದಾಗ ಹೊಟ್ಟೆಯಡಿಯ ಅಗಲವಾದ ಮಡಿಕೆ ಊದಿಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ತೆರೆದೆ. ಒಳಗೆ ಮರಿಗಳು, ರಾಗಿ ಕಾಳಿನಷ್ಟು ದಪ್ಪದವು, ಕಾಲು ಮೂಡಿದವು, ತಾಯಿಯ ಹೊಟ್ಟೆಗೆ ಕಚ್ಚಿಕೊಂಡು ಮಿಸುಕುತ್ತಿದ್ದವು. ಕಾಲೇಜಿನಲ್ಲಿ ಇದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದ್ದೆನೋ, ಜೀವಂತವಾಗಿ ಒಬ್ಬರಿಗೆ ತೋರಿಸುವ ಯೋಗ ಬಂದಿರಲಿಲ್ಲ. ಮೇಷ್ಟರ ಚಪಲ ತಡೆಯಲಾಗಲಿಲ್ಲ.

"ಇಲ್ಲಿ ನೋಡಮ್ಮ. ಸಮುದ್ರದ ಏಡಿ ಮೊಟ್ಟೆ ಒಡೆಯುತ್ತಲೇ ಮರಿಗಳನ್ನು ನೀರಿಗೆ ಬಿಟ್ಟುಬಿಡುತ್ತೆ. ಹೊಳೆಯ ಏಡಿ ಹಾಗಲ್ಲ. ಮರಿ ನಡೆಯೋವರೆಗೂ ಹೊಟ್ಟೇಲಿಟ್ಕೊಂಡು ತಿರುಗುತ್ತೆ. ಇದೊಂದನ್ನು ಬಿಟ್ಟರೆ ಬರೋ ವರ್ಷಕ್ಕೆ ನೂರಾದರೂ ಆಗ್ತವೆ. ಇಂಥವನ್ನು ಬಿಟ್ಟುಬಿಡಬೇಕು."

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಸಾರಿಗೆ ಇದನ್ನೇ ಆರ್ಸಿ ಆರ್ಸಿ ಆಕ್ತಿದ್ದೆ," ಅಂದಳು. "ಒಟ್ಟೆ ತುಂಬಿದ್ರೆ ಸತ್ವ ಜಾಸ್ತಿ ಅಂತಿದ್ಲು ನಮ್ಮತ್ತೆ."

ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಸಂದಿಯ ಹತ್ತಿರ ನೀರಿಗೆ ಇಳಿಸಿದಳು. ನಾನು ನಮೂನೆಯಲ್ಲಿ, ಬಿಟ್ಟದ್ದು ಒಂದು ಎಂದು ಬರೆದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಎದೆ ಉಬ್ಬಿತ್ತು. ಅಧಿಕಾರಿಯ ಮಾತು ನೆನಪಾಯಿತು. ಆದರೆ ಒಂದು ಏಡಿಗೆ ಏನಾಗಿಬಿಡುತ್ತದೆ ಎಂದು ತಳ್ಳಿಹಾಕಿದೆ.

ಆ ಹದದಲ್ಲಿ ದಡದ ಸಂದಿಗಳಲ್ಲಿ ಸಿಗುವುದೆಲ್ಲ ಹೆಚ್ಚು ಕಡಿಮೆ ಮರಿ ಹೊತ್ತ ತಾಯಿಗಳೇ. ಮುಂದಿನ ಸಲ ಹೋದಾಗ ಅವಳ ಪಾತ್ರೆಯಲ್ಲಿ ಎರಡು, ಬಿಟ್ಟದ್ದು ನಾಲ್ಕು. ಆಮೇಲೆ ಒಂದು, ಬಿಟ್ಟದ್ದು ಐದು. ಗಂಡುಗಳು ದಡದಿಂದ ದೂರ, ಹೊಳೆಯ ನಡುವಿನ ಬಂಡೆಗಳ ಕಡೆ ಸಿಗುತ್ತವೆ ಎಂದು ಅವಳು ತಾನೇ ಕಂಡುಕೊಂಡಳು. ದಡದಿಂದ ಅಲ್ಲಿಗೆ ಕಲ್ಲಿನಿಂದ ಕಲ್ಲಿಗೆ ದಾಟಿಕೊಂಡು ಹೋಗುತ್ತಿದ್ದಳು. ನಾನು ಅದನ್ನೂ ಬರೆದುಕೊಂಡೆ. ಜಾಗದ ಕಾಲಂ ಇತ್ತು: ದಡ, ನಡು. ನಡು ಎಂದು ಗುರುತು ಹಾಕಿದೆ. ಅಷ್ಟೇ.

ಮುಂಗಾರು ಜೋರಾಯಿತು. ಮೇಲೆ ಮಳೆಯಾಗಿ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಡುವ ದಿನಗಳು ಬಂದವು. ಬಿಡುವ ಮುಂಚೆ ಮೈಕು ಕಟ್ಟಿದ ಜೀಪೊಂದು ದಂಡೆಯ ಊರುಗಳಲ್ಲಿ ಕೂಗಿಕೊಂಡು ಹೋಗುತ್ತದೆ. ಆ ಬೆಳಗ್ಗೆಯೂ ಕೂಗಿತು. ನಾನು ಬೈಕು ನಿಲ್ಲಿಸುವಾಗಲೇ ಕೇಳಿಸಿತು. ಗಾಳದ ಮೂವರು ಸಾಮಾನು ಎತ್ತಿಕೊಂಡು ಮೇಲೆ ಬಂದರು. ಎಮ್ಮೆ ತೊಳೆಯುತ್ತಿದ್ದವರು ಎಮ್ಮೆ ಹೊಡೆದುಕೊಂಡು ಬಂದರು. ನಡುವಿನ ಬಂಡೆಯ ಆಚೆ ಬದಿಯಲ್ಲಿ ಒಂದು ಬೆನ್ನು ಮಾತ್ರ ಬಗ್ಗಿಕೊಂಡಿತ್ತು. ಅಲ್ಲಿ ನೀರಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ.

ನಾನು ಕೂಗಿದೆ. ಎಲ್ಲರೂ ಕೂಗಿದರು. ಒಬ್ಬ ಟವಲು ಬೀಸಿದ. ಕೊನೆಗೆ ಅವಳು ತಲೆಯೆತ್ತಿ ನೋಡಿದಳು, ಬಂದ ದಾರಿಯ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದದ್ದು ಕಂಡಿತು. ಅವಸರದಲ್ಲಿ ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಕಾಲು ಬಂಡೆಯ ಸಂದಿಗೆ ಇಳಿದು ಸಿಕ್ಕಿಕೊಂಡಿತು.

ಎಮ್ಮೆಯವರಿಬ್ಬರು ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿದರು. ದಂಡೆಯಲ್ಲಿ ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಈಜು ನನಗೆ ಬರುವುದಿಲ್ಲ. ಹೊಳೆಯ ಜೀವಿಗಳ ಪಾಠ ಹೇಳಿದವನಿಗೆ ಈಜು ಬರುವುದಿಲ್ಲ. ಅವರು ತಲುಪುವ ಹೊತ್ತಿಗೆ ನೀರು ಅವಳ ಎದೆಗೆ ಬಂದಿತ್ತು. ಕಾಲು ಬಿಡಿಸಲು ಆಗದೆ ಒಬ್ಬ ಮುಳುಗಿ ಎಳೆದ. ಎಳೆದಾಗ ಅವಳು ಕಿರಿಚಿದ್ದು ನೀರಿನ ಸದ್ದಿನ ಮೇಲೂ ನಮಗೆ ಕೇಳಿಸಿತು.

ದಡಕ್ಕೆ ತಂದು ಮಲಗಿಸಿದಾಗ ಪಾದ ಇರಬೇಕಾದ ಕಡೆ ತಿರುಗಿರಲಿಲ್ಲ. ಯಾರದೋ ಗೂಡ್ಸ್ ಆಟೋ ಬಂತು. ತಲೆಯ ಕಡೆ ನಾನು ಕೂತೆ. ಕೆ.ಆರ್. ಪೇಟೆಯ ದಾರಿಯಲ್ಲಿ ಅವಳು ಕಣ್ಣು ತೆರೆದು ನನ್ನನ್ನು ಗುರುತಿಸಿದಳು.

"ಎರಡು ಸಿಕ್ಕಿದ್ದೋ," ಅಂದಳು. "ಎರಡ್ರಲ್ಲೂ ಮರಿ ಇದ್ದೋ. ಬುಟ್ಬುಟ್ಟೆ. ಬರ್ಕೊ."

ಕೆ.ಆರ್. ಪೇಟೆಯಿಂದ ಮಂಡ್ಯಕ್ಕೆ ಕಳಿಸಿದರು. ಕಾಲಿಗೆ ಕಂಬಿ ಹಾಕಿದರು, ಗಾಯ ಕೀವು ಕಟ್ಟಿತೆಂದು ಮತ್ತೆ ಬಿಚ್ಚಿದರು. ಆಸ್ಪತ್ರೆಯಲ್ಲಿ ಅವಳ ಜೊತೆಗೆ ನಾಗಮಂಗಲದಿಂದ ತಂಗಿ ಬಂದು ನಿಂತಳು. ಮನೆಯಲ್ಲಿ ಗಂಡನಿಗೆ ಎದುರುಮನೆಯ ಹೆಂಗಸು ಗಂಜಿ ಕಾಸಿಕೊಡುತ್ತಿದ್ದಳು. ನಾನು ಎರಡು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಅವನು ಹೆಂಡತಿ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಬಾಗಿಲ ಕಡೆ ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನೀರು ಇಳಿದ ಮೇಲೆ ಒಂದು ಮಧ್ಯಾಹ್ನ ನಾನೇ ಏಡಿ ಹಿಡಿಯಲು ಇಳಿದೆ. ಅವಳು ಹಿಡಿಯುತ್ತಿದ್ದದ್ದನ್ನು ತಿಂಗಳುಗಟ್ಟಲೆ ನೋಡಿದ್ದೆ, ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಎರಡು ಬೆರಳು ಕಚ್ಚಿಸಿಕೊಂಡೆ. ಸಂಜೆ ಇಳಿಯುವ ಹೊತ್ತಿಗೆ ಮೂರು ಸಿಕ್ಕಿದ್ದವು. ಮೂರರಲ್ಲಿ ಒಂದನ್ನು ಮಗುಚಿದರೆ ಹೊಟ್ಟೆ ತುಂಬ ಮರಿ.

ನಾನು ಬಿಡಲಿಲ್ಲ.

ಆಗ ಯಾರಿಗೂ ಇದನ್ನು ಹೇಳಲಿಲ್ಲ. ಬಿಟ್ಟರೆ ಸಾರಿಗೆ ಎರಡೇ ಉಳಿಯುತ್ತವೆ ಅನ್ನಿಸಿತು. ಅಷ್ಟೇ ನಾನು ಯೋಚಿಸಿದ್ದು. ಎದುರುಮನೆಯವಳು ಅರೆದು ಸೋಸಿ ಮೆಣಸು ಹಾಕಿ ಸಾರು ಕಾಸಿದಳು. ಲೋಟ ಅವನ ತುಟಿಗೆ ನಾನೇ ಹಿಡಿದೆ. ಎರಡು ಗುಟುಕು ಕುಡಿದು ಮುಖ ಆಚೆ ಮಾಡಿದ.

"ಅವಳ್ ಕೈದಲ್ಲ ಇದು," ಅಂದ. ಸ್ವಲ್ಪ ಹೊತ್ತಿನ ಮೇಲೆ ನನಗೆ ಬೇಜಾರಾಯಿತೇನೋ ಎಂದುಕೊಂಡು, "ಆದ್ರೂ ಬಿಸಿ ಐತೆ, ಎದೆಗೆ ಇತವಾಯ್ತು" ಅಂದ. ಇನ್ನೊಂದು ಗುಟುಕು ಕುಡಿದ.

ಅದಾದ ನಾಲ್ಕನೆಯ ದಿನ ಅವನು ಹೋದ. ಹಗಲು ಹೊತ್ತು, ಜಗುಲಿಯ ಮೇಲೆ ಕೂತ ಹಾಗೇ. ಎದುರುಮನೆಯವಳು ಗಂಜಿ ತಂದು ಕರೆದರೆ ಉತ್ತರವಿಲ್ಲ.

ಮಂಡ್ಯದಿಂದ ಅವಳನ್ನು ಕರೆತರುವವರೆಗೆ ಹೆಣ ಎತ್ತಲಿಲ್ಲ. ವ್ಯಾನಿನಿಂದ ಮಂಚದ ಸಮೇತ ಇಳಿಸಿ, ಜಗುಲಿಯ ಮೇಲೆ ಮಲಗಿಸಿದ್ದ ಅವನ ಪಕ್ಕಕ್ಕೆ ಇಟ್ಟರು. ಅವಳಿಗೆ ಏಳಲಾಗದು, ಬಗ್ಗಲಾಗದು. ಕೈ ಚಾಚಿದರೂ ಅವನಿಗೆ ಎಟುಕಲಿಲ್ಲ. ಮಂಚವನ್ನು ಇನ್ನಷ್ಟು ಹತ್ತಿರ ಜರುಗಿಸಿ ಎಂದು ನಾನು ಹೇಳಬೇಕಾಯಿತು. ಅಲ್ಲಿದ್ದವರಿಗೆ ಯಾರಿಗೂ ಅದು ಹೊಳೆದಿರಲಿಲ್ಲ. ಜರುಗಿಸಿದರು. ಅವಳು ಅವನ ಹೆಗಲ ಹಿಂದಕ್ಕೆ, ಬೆನ್ನ ಕೆಳಗೆ ಅಂಗೈ ತೂರಿಸಿ ಹಾಗೇ ಇಟ್ಟುಕೊಂಡಳು. ಅಳಲಿಲ್ಲ. ಎತ್ತುವ ಹೊತ್ತಾದಾಗ ತಂಗಿ ಆ ಕೈಯನ್ನು ಬಿಡಿಸಬೇಕಾಯಿತು.

ಅಧಿಕಾರಿಗೆ ಎಲ್ಲವನ್ನೂ ಹೇಳಿದೆ, ಮರಿ ತೋರಿಸಿದ ದಿನದಿಂದ ಹಿಡಿದು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ನಮೂನೆಗಳನ್ನು ತರಿಸಿ ಅವಳ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಿಟ್ಟದ್ದು ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ಒಂದು, ನಾಲ್ಕು, ಐದು. ದಡ, ದಡ, ದಡ. ಆಮೇಲೆ ನಡು, ನಡು. "ಇವನ್ನು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ," ಅಂದರು. ಸರಿ ಅಂದೆ. ಕೊನೆಗೆ ಬಂದ ವರದಿಯಲ್ಲಿ ಹೇಮಗಿರಿಯಲ್ಲಿ ಹವ್ಯಾಸಕ್ಕೆ ಏಡಿ ಹಿಡಿಯುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅವಳ ಹತ್ತಿರ ಮಾತಾಡಲು ನನಗೆ ಧೈರ್ಯ ಬಂದದ್ದು ತಿಥಿ, ಸೂತಕ ಎಲ್ಲ ಕಳೆದು ತಿಂಗಳುಗಳಾದ ಮೇಲೆ. ಊರುಗೋಲು ಹಿಡಿದು ಹೊಸ್ತಿಲವರೆಗೆ ಬರುತ್ತಿದ್ದಳು. ಜಗುಲಿಯ ಮೇಲೆ ಕೂತು, ನನ್ನಿಂದಲೇ ಆಯಿತು ಎಂದೆ. ಆ ದಿನ ಮರಿ ತೋರಿಸದೆ ಇದ್ದಿದ್ದರೆ ನೀನು ದೂರದ ಬಂಡೆಗೆ ಹೋಗುತ್ತಿರಲಿಲ್ಲ ಎಂದೆ. ನಾನು ಹಿಡಿದ ತಾಯಿ ಏಡಿಯ ವಿಷಯವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು.

"ನೀ ಏಳ್ದೆ ಅಂತ ಬುಟ್ನಾ ನಾನು?" ಅಂದಳು. "ನೋಡ್ಬುಟ್ಟೆ. ನೋಡಿದ್ಮೇಲೆ ಕುದಿಯೋ ನೀರಿಗಾಕೋಕ್ ಕೈ ಬರ್ಲಿಲ್ಲ. ಅದು ನಂದು, ನಿಂದಲ್ಲ."

ನನಗೆ ಉಸಿರು ಬಂದ ಹಾಗಾಯಿತು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

"ಆದ್ರೆ ಆ ಎರಡು ತಿಂಗ್ಳು ಅವ್ರಿಗೆ ಸಾರು ಕಮ್ಮಿ ಆಯ್ತು ಕಣಪ್ಪ. ಅವ್ರು ಲೋಟ ನೋಡೋರು, ನನ್ನ ನೋಡೋರು. ಕೇಳ್ತಿರ್ಲಿಲ್ಲ. ಆಸ್ಪತ್ರೇಲಿ ಮಲ್ಗಿದ್ದಾಗ ಅದೊಂದೇ ನೆಪ್ಪಾಗ್ತಿತ್ತು ನಂಗೆ. ಅದ್ನ ಯಾರಿಗ್ ಏಳ್ಲಿ?"

ಏಡಿ ಸಾರಿನಿಂದ ಆ ಎದೆ ವಾಸಿಯಾಗುತ್ತಿರಲಿಲ್ಲ ಎಂದು ಹೇಳುವಷ್ಟು ವಿಜ್ಞಾನ ನನಗೆ ಗೊತ್ತಿತ್ತು. ಬಾಯಿಯವರೆಗೂ ಬಂತು. ಈ ಸಲ ಪಾಠ ಹೇಳಲಿಲ್ಲ. ಕೊಟ್ಟಿಗೆಯಲ್ಲಿ ಹಸು ಸರಪಳಿ ಜಗ್ಗುತ್ತಿತ್ತು.

ಒಂದೇ ಕಾಲೂರಿ ಹಸು ಸಾಕುವುದು ಆಗದೆ ಅವಳು ಅದನ್ನು ಎದುರುಮನೆಗೆ ಕೊಟ್ಟು ತಂಗಿಯ ಮನೆಗೆ ಹೊರಟಳು. ಹೊರಡುವ ದಿನ ನನಗೆ ಹೇಳಿ ಕಳಿಸಿದ್ದಳು. ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದಳು, ಒಂದು ಚೀಲ, ಒಂದು ಗಂಟು. ತಂಗಿಯ ಊರಿನಲ್ಲಿ ಹೊಳೆಯಿಲ್ಲ, ಕೆರೆಯೂ ಬೇಸಿಗೆಗೆ ಒಣಗುತ್ತದೆ ಅಂದಳು. ಹೇಗಿರುತ್ತೀಯೋ ಅಂದೆ.

"ಇರೋದೇ ಅಲ್ವಾ," ಅಂದಳು. "ಮೊದಮೊದ್ಲು ಮನೇಲಿ ಕೆಮ್ಮು ಕೇಳ್ದೆ ನಿದ್ದೆ ಬರ್ತಿರ್ಲಿಲ್ಲ. ಈಗ್ ಬತ್ತದೆ."

ನಾಗಮಂಗಲದ ಬಸ್ಸು ಬಂತು. ಜನ ನುಗ್ಗಿದರು. ಕಂಡಕ್ಟರ್ ಊರುಗೋಲು ನೋಡಿ ಮುಂದಿನ ಬಾಗಿಲಿನ ಪಕ್ಕದ ಸೀಟು ಬಿಡಿಸಿಕೊಟ್ಟ. ಗಂಟನ್ನು ನಾನು ಅವಳ ಕಾಲ ಹತ್ತಿರ ಇಟ್ಟು ಇಳಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಉಂಡ್ಯಾ?" ಎಂದು ಕೇಳಿದಳು.

ಉಂಡಿರಲಿಲ್ಲ. ಉಂಡೆ ಅಂದೆ.

ಬಸ್ಸು ಹಿಂದಕ್ಕೆ ಬಂದು, ತಿರುಗಿ, ಹೊರಟಿತು. ಆಮೇಲೆ ನಾನು ಅವಳನ್ನು ನೋಡಿಲ್ಲ. ತಂಗಿಯ ಫೋನ್ ನಂಬರು ನನ್ನ ಹತ್ತಿರ ಇದೆ. ಎರಡು ಮೂರು ಸಲ ಒತ್ತಲು ಹೋಗಿ, ಏನು ಕೇಳುವುದೆಂದು ತೋಚದೆ ಫೋನು ಕೆಳಗಿಟ್ಟಿದ್ದೇನೆ.